ತಿಂಗಳಿಗೆ ಮೊದಲೇ ಮುಗಿಯುವ ಸೀಸೆ

ಅವ್ವನ ಮೇಲೆ ನಾನು ರೇಗಿದ್ದು ಕಡಿಮೆ. ರೇಗಿದ ಆ ಕೆಲವು ಸಂದರ್ಭಗಳಲ್ಲಿ ಒಂದು ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೆ ಕಾರಣ ಐದು ಮಿಲಿಲೀಟರಿನ ಒಂದು ಪ್ಲಾಸ್ಟಿಕ್ ಸೀಸೆ, ಕಣ್ಣಿಗೆ ಬಿಡುವ ಔಷಧಿಯ ಸೀಸೆ.

2011ರಲ್ಲಿ ಅವ್ವನಿಗೆ ಗ್ಲಕೋಮಾ ಇದೆಯೆಂದು ಗೊತ್ತಾಯಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ. ಪೊರೆಯಾದರೆ ತೆಗೆಸಿಬಿಡಬಹುದು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕುತ್ತಿದ್ದ ಕಾಲದಿಂದಲೂ ನಮ್ಮ ಹಳ್ಳಿಗಳಿಗೆ ಅದು ಗೊತ್ತು. ಕಟ್ಟು ಬಿಚ್ಚಿದ ಮೇಲೆ ಮೊಮ್ಮಕ್ಕಳ ಮುಖ ಕಂಡು ಅತ್ತ ಅಜ್ಜಿಯರ ಕತೆ ಪ್ರತಿ ಊರಿನಲ್ಲೂ ಇದೆ. ಗ್ಲಕೋಮಾದಲ್ಲಿ ಅಂಥ ಕತೆ ಇಲ್ಲ. ಹೋದ ನೋಟ ಹೋಯಿತು. ಉಳಿದಿರುವುದನ್ನು ಉಳಿಸಿಕೊಳ್ಳಲು ಬೆಳಿಗ್ಗೆ ಒಂದು, ರಾತ್ರಿ ಒಂದು ಹನಿ, ಎರಡೂ ಕಣ್ಣಿಗೆ, ಬದುಕಿರುವವರೆಗೆ.

ನಾನು ಔಷಧಿ ಕಂಪನಿಯೊಂದರ ಪ್ರತಿನಿಧಿ. ಜನ ಮೆಡಿಕಲ್ ರೆಪ್ ಅನ್ನುತ್ತಾರೆ. 1994ರಿಂದ 2019ರವರೆಗೆ ನನ್ನ ಪಾಲಿಗೆ ಬಂದದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಬೈಕಿನಲ್ಲಿ ಒಂದೇ ದಿನ ಈ ನಾಲ್ಕೂ ಊರು ಸುತ್ತಿದ್ದುಂಟು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ತಣ್ಣನೆ ಗಾಳಿ, ಪಾಂಡವಪುರದಲ್ಲಿ ನಾಲೆ ನೀರಿನ ಕಬ್ಬಿನ ಹಸಿರು, ಚಿನಕುರಳಿ ದಾಟಿ ಕೆ.ಆರ್. ಪೇಟೆ ಮುಟ್ಟಿ, ನಾಗಮಂಗಲದ ಕಡೆ ತಿರುಗಿದರೆ ಮಳೆಯನ್ನೇ ನಂಬಿದ ರಾಗಿ ಹೊಲ. ಬ್ಯಾಗಿನಲ್ಲಿ ಟಾನಿಕ್ಕು, ಆ್ಯಂಟಿಬಯಾಟಿಕ್ಕು. ಕಣ್ಣಿನ ಔಷಧಿ ನಮ್ಮ ಕಂಪನಿಯಲ್ಲಿ ಇರಲಿಲ್ಲ. ಆದರೂ ಮನೆಯಲ್ಲಿ, ನೆಂಟರಲ್ಲಿ, ಔಷಧಿಯ ವಿಷಯ ಬಂದರೆ ಕೊನೆಯ ಮಾತು ನನ್ನದೇ. ಆ ಜಂಬವೂ ಈ ಕತೆಯಲ್ಲಿ ಸೇರಿದೆ.

ಅವ್ವ ಇದ್ದದ್ದು ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ. ಪ್ರತಿ ತಿಂಗಳ ಮೊದಲ ವಾರ ನಾನೇ ಸೀಸೆ ತಂದುಕೊಡುತ್ತಿದ್ದೆ. ಇಪ್ಪತ್ತನೇ ತಾರೀಕಿಗೆಲ್ಲ ಅದು ಮುಗಿದಿರುತ್ತಿತ್ತು. ಮೊದಲೆರಡು ತಿಂಗಳು ಸುಮ್ಮನಿದ್ದೆ. ಮೂರನೇ ತಿಂಗಳು ಕೇಳಿಯೇಬಿಟ್ಟೆ: “ಏನವ್ವ, ಕುಡೀತೀಯೇನು ಇದನ್ನ? ತಿಂಗಳಿಗೊಂದು ಅಂತ ತಾನೆ ಡಾಕ್ಟ್ರು ಹೇಳಿದ್ದು?”

“ಒಂದ್ ತೊಟ್ಟು ಅಂದ್ರೆ ಮೂರ್ ತೊಟ್ಟು ಬುಡ್ತದೆ ಕಣ್ಲಾ ಮಗಾ ಇದು. ಕೆನ್ನೆ ಮ್ಯಾಲೆಲ್ಲ ಹರ್ದೋಯ್ತದೆ. ತುಂಬಿದ್ ಕೆರೆಗೆ ನೀರ್ ಬುಟ್ಟಂಗೆ” ಅಂದಳು.

“ನಿನಗೆ ಬಿಡೋಕೆ ಬರಲ್ಲ. ಕೈ ನಡುಗುತ್ತೆ. ಸರಿಯಾಗಿ ಹಿಡ್ಕೊ” ಎಂದು ದಬಾಯಿಸಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ತಿಂಗಳಿನಿಂದ ಸೀಸೆ ತಿಂಗಳು ಪೂರ್ತಿ ಬರತೊಡಗಿತು. ಬೈದದ್ದಕ್ಕೆ ಬುದ್ಧಿ ಬಂತು ಎಂದುಕೊಂಡೆ.

2013ರಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿಸಿದಾಗ ಎಡಗಣ್ಣಿನ ನೋಟ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒತ್ತಡ ಔಷಧಿಯನ್ನೇ ಬಿಡದವರ ಹಾಗಿತ್ತು. ವೈದ್ಯರು ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು. ಅವಳು ತಲೆ ತಗ್ಗಿಸಿಕೊಂಡು ಹೇಳಿದಳು: ಒಂದು ದಿನ ಬಲಗಣ್ಣಿಗೆ, ಒಂದು ದಿನ ಎಡಗಣ್ಣಿಗೆ, ಸೀಸೆ ಹಗುರವಾದಂತೆ ಬರೀ ರಾತ್ರಿ. ಮಗ ಬೈತಾನೆ ಅಂತ.

ವೈದ್ಯರು ಬೈಯಲಿಲ್ಲ. “ಎಲ್ಲಿ, ನನ್ನ ಮುಂದೆ ಒಂದು ಹನಿ ಹಾಕಿಕೊಳ್ಳಿ ಅಮ್ಮ” ಅಂದರು. ಅವ್ವ ಸೆರಗಿನ ಗಂಟಿನಿಂದ ಸೀಸೆ ತೆಗೆದು ತಲೆ ಹಿಂದಕ್ಕೆ ಚಾಚಿ ಒತ್ತಿದಳು. ಒಂದೇ ಒತ್ತಿಗೆ ಹನಿ ಹನಿಯಾಗಿ ಅಲ್ಲ, ದಾರದ ಹಾಗೆ ಬಂತು. ವೈದ್ಯರು ಸೀಸೆ ಇಸಿದುಕೊಂಡು ಅದರ ಮೂತಿ ನೋಡಿದರು. “ಇದನ್ನು ತೂತು ಮಾಡಿದ್ದು ಯಾರು?”

ತೂತು ಮಾಡಿದ್ದು ನಾನು. ಪ್ರತಿ ತಿಂಗಳೂ ಹೊಸ ಸೀಸೆಗೆ ದಬ್ಬಣದಿಂದ ಚುಚ್ಚಿ ಕೊಡುತ್ತಿದ್ದವನು ನಾನೇ.

ನಮ್ಮಲ್ಲಿ ಸಿಗುವ ಬಹಳಷ್ಟು ಕಣ್ಣಿನ ಸೀಸೆಗಳ ಮೂತಿಗೆ ತೂತು ಇರುವುದಿಲ್ಲ. ಮುಚ್ಚಳದ ಒಳಗೆ ಒಂದು ಸಣ್ಣ ಮುಳ್ಳು ಇರುತ್ತದೆ. ಮುಚ್ಚಳವನ್ನು ಕೊನೆಯವರೆಗೆ ಬಿಗಿಯಾಗಿ ತಿರುಗಿಸಿದರೆ ಆ ಮುಳ್ಳೇ ಮೂತಿಯನ್ನು ಬೇಕಾದ ಅಳತೆಗೆ ಚುಚ್ಚುತ್ತದೆ. ಇದು ಗೊತ್ತಿಲ್ಲದವರು ಸೂಜಿ, ಪಿನ್ನು, ದಬ್ಬಣ ಹುಡುಕುತ್ತಾರೆ. ಹತ್ತೊಂಬತ್ತು ವರ್ಷ ಔಷಧಿ ಮಾರಿದ್ದ ನನಗೂ ಗೊತ್ತಿರಲಿಲ್ಲ. ಡಬ್ಬದ ಮೇಲೆ ಇರುವೆಯ ಸಾಲಿನಂಥ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಮುಂದಿನ ಭಾನುವಾರ ಒಂದು ಹೊಸ ಸೀಸೆ ತಂದು, ಮುಚ್ಚಳದ ಮುಳ್ಳಿನಿಂದಲೇ ಚುಚ್ಚಿ, ಅಡುಗೆಮನೆಯಲ್ಲಿ ಲೋಟ ಇಟ್ಟುಕೊಂಡು ಹನಿ ಎಣಿಸಲು ಕೂತೆ. ಹೆಂಡತಿ ನೋಡಿ ನಕ್ಕಳು. ಔಷಧಿ ಅಂಗಡಿಯವರಲ್ಲಿ ಒಂದು ಹಳೆಯ ಲೆಕ್ಕವಿದೆ: ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಅಂದರೆ ಐದು ಮಿಲಿಲೀಟರಿಗೆ ನೂರು. ನನ್ನ ಎಣಿಕೆಯೂ ನೂರರ ಆಸುಪಾಸಿಗೇ ನಿಂತಿತು. ಆಗ ಹೊಳೆದ ಲೆಕ್ಕ ಎಷ್ಟು ಸುಲಭದ್ದೆಂದರೆ, ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ದಿನಕ್ಕೆ ನಾಲ್ಕು ಹನಿ. ನೂರನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೈದು. ಅವ್ವನ ಕೈ ನಡುಗದಿದ್ದರೂ, ದಬ್ಬಣದ ತೂತು ಇಲ್ಲದಿದ್ದರೂ, ಒಂದೇ ಒಂದು ಹನಿ ಕೆನ್ನೆಗೆ ಬೀಳದಿದ್ದರೂ, ಆ ಸೀಸೆ ಇಪ್ಪತ್ತೈದನೇ ದಿನಕ್ಕೆ ಮುಗಿಯಲೇಬೇಕು. ತಿಂಗಳಿಗೊಂದು ಎಂದು ನಾನು ಹಾಕಿದ್ದ ಲೆಕ್ಕವೇ ಸುಳ್ಳು.

ಆಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಕಣ್ಣಿನ ಡಾಕ್ಟರುಗಳನ್ನು ಕಾಡಿದೆ. ಒಂದು ಮಿಲಿಲೀಟರಿನಲ್ಲಿ ಸಾವಿರ ಮೈಕ್ರೋಲೀಟರ್. ಅಂಗಡಿಯ ಲೆಕ್ಕದ ಒಂದು ಹನಿ ಎಂದರೆ ಐವತ್ತು ಮೈಕ್ರೋಲೀಟರ್. ಬೇರೆ ಬೇರೆ ಸೀಸೆಗಳ ಹನಿ ಇಪ್ಪತ್ತೈದರಿಂದ ಎಪ್ಪತ್ತರವರೆಗೂ ಇರುತ್ತದೆ. ಆದರೆ ಕಣ್ಣಿನಲ್ಲಿ ಸದಾ ಇರುವ ನೀರು ಏಳೆಂಟು ಮೈಕ್ರೋಲೀಟರ್ ಮಾತ್ರ. ರೆಪ್ಪೆ ಮಿಟುಕಿಸದೆ ಹಿಡಿದಿಟ್ಟರೂ ಕಣ್ಣು ತಾಳಿಕೊಳ್ಳುವುದು ಹೆಚ್ಚೆಂದರೆ ಮೂವತ್ತು. ಉಳಿದದ್ದು ಕೋಡಿ ಬೀಳುತ್ತದೆ: ಸ್ವಲ್ಪ ಕೆನ್ನೆಯ ಮೇಲೆ, ಸ್ವಲ್ಪ ಕಣ್ಣಿನ ಒಳಮೂಲೆಯ ಸಣ್ಣ ತೂಬಿನಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ. ತುಂಬಿದ ಕೆರೆಗೆ ನೀರು ಬಿಟ್ಟ ಹಾಗೆ. ಅವ್ವ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಗಂಟಲಿಗೆ ಇಳಿದದ್ದು ವ್ಯರ್ಥವಾದರೆ ಪರವಾಗಿಲ್ಲ ಅನ್ನಬಹುದಿತ್ತು. ಗ್ಲಕೋಮಾಕ್ಕೆ ಬಹಳ ಕಾಲದಿಂದ ಕೊಡುವ ಟಿಮೊಲಾಲ್ ಎಂಬ ಔಷಧಿ ಮೂಗಿನ ಪೊರೆಯಿಂದ ನೇರ ರಕ್ತಕ್ಕೆ ಸೇರುತ್ತದೆ. ಉಬ್ಬಸ ಇದ್ದವರಿಗೆ ಉಸಿರು ಕಟ್ಟಿಸಬಲ್ಲದು, ಎದೆಬಡಿತ ನಿಧಾನ ಮಾಡಬಲ್ಲದು. ಕಣ್ಣಿನ ಹನಿ ಕಣ್ಣಲ್ಲೇ ಇರುತ್ತದೆ ಎಂದುಕೊಂಡವರು ಉಬ್ಬಸದ ವಿಷಯವನ್ನು ಕಣ್ಣಿನ ಡಾಕ್ಟರಿಗೆ ಹೇಳುವುದೇ ಇಲ್ಲ.

ಹನಿಯ ಗಾತ್ರವನ್ನು ನಿರ್ಧರಿಸುವುದು ಯಾವುದು? ನಾನು ಕೈಯ ಬಲ ಎಂದುಕೊಂಡಿದ್ದೆ. ಮುಖ್ಯವಾಗಿ ಅದಲ್ಲ. 1864ರಲ್ಲಿ ಥಾಮಸ್ ಟೇಟ್ ಎಂಬ ಇಂಗ್ಲಿಷ್ ವಿದ್ವಾಂಸ ಕಂಡುಕೊಂಡ ಸಂಗತಿ ಇದು: ಕೊಳವೆಯ ತುದಿಯಿಂದ ಬೀಳುವ ಹನಿಯ ತೂಕ ಆ ತುದಿಯ ಅಗಲವನ್ನು ಮತ್ತು ದ್ರವದ ಮೇಲ್ಮೈ ಬಿಗಿತವನ್ನು ಅವಲಂಬಿಸಿರುತ್ತದೆ. ತುದಿ ಅಗಲವಾದಷ್ಟೂ ಹೆಚ್ಚು ನೀರು ಅದಕ್ಕೆ ಜೋತುಬಿದ್ದು ಕೊನೆಗೆ ಭಾರ ತಾಳದೆ ಕಳಚುತ್ತದೆ. ನಮ್ಮಜ್ಜಿ ಮಕ್ಕಳ ಕಣ್ಣಿಗೆ ಹರಳೆಣ್ಣೆ ಬಿಡುವಾಗ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ತುದಿಯಿಂದ ಇಳಿಸುತ್ತಿದ್ದದ್ದು ನೆನಪಾಯಿತು. ಅದನ್ನು ಇವತ್ತು ಯಾರೂ ಮಾಡಬೇಡಿ, ಕಣ್ಣು ಕೆಟ್ಟೀತು. ಆದರೆ ಸಣ್ಣ ಹನಿ ಬೇಕಾದರೆ ಸಣ್ಣ ತುದಿ ಬೇಕು ಎಂಬುದು ಅಜ್ಜಿಗೆ ತಿಳಿದಿತ್ತು.

ಹಾಗಾದರೆ ಸೀಸೆ ಮಾಡುವವರಿಗೆ ತಿಳಿಯದೆ? ತಿಳಿದಿದೆ. ಅವರ ಕೆಲಸ ಅಷ್ಟು ಸುಲಭವಲ್ಲ ಅನ್ನುವುದನ್ನೂ ಹೇಳಬೇಕು. ಔಷಧಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಸೋಪಿನ ಗುಣದ್ದು. ಅದು ಮೇಲ್ಮೈ ಬಿಗಿತವನ್ನು ಇಳಿಸಿ ಹನಿಯನ್ನು ಚಿಕ್ಕದಾಗಿಸುತ್ತದೆ. ಹಾಗಾಗಿ ಒಂದೇ ಮೂತಿ, ಎರಡು ಔಷಧಿ, ಎರಡು ಗಾತ್ರದ ಹನಿ. ಸೀಸೆಯನ್ನು ನೆಟ್ಟಗೆ ತಲೆಕೆಳಗು ಹಿಡಿದರೆ ಹನಿ ಮೂತಿಯ ಪೂರ್ತಿ ಅಂಚಿಗೆ ಜೋತುಬಿದ್ದು ದೊಡ್ಡದಾಗುತ್ತದೆ. ಓರೆ ಹಿಡಿದರೆ ಅಂಚಿನ ಒಂದು ಭಾಗಕ್ಕಷ್ಟೇ ಅಂಟಿ ಚಿಕ್ಕದಾಗುತ್ತದೆ. ಪ್ಲಾಸ್ಟಿಕ್ ಗಟ್ಟಿಯಾಗಿದ್ದರೆ ಸಂಧಿವಾತದ ಬೆರಳುಗಳಿಗೆ ಒತ್ತಲು ಆಗದು. ಮೆತ್ತಗಿದ್ದರೆ ಮುಟ್ಟಿದರೆ ಸುರಿಯುತ್ತದೆ. ಔಷಧಿ ಕಡಿಮೆಯಾಗಿ ಒಳಗೆ ಗಾಳಿ ಹೆಚ್ಚಾದಂತೆ ಇನ್ನೂ ಜೋರಾಗಿ ಒತ್ತಬೇಕು. ಸೆರಗಿನ ಗಂಟಿನಲ್ಲಿಟ್ಟ ಸೀಸೆಯನ್ನು ಬಗ್ಗಿಸಿದರೆ ಬೆಚ್ಚಗಾದ ಗಾಳಿಯೇ ಒಂದು ಹನಿಯನ್ನು ತಳ್ಳುತ್ತದೆ.

ನಮ್ಮ ನಾಲೆಯ ಕಡೆ ನೀರುಗಂಟಿ ಅಂತ ಇರುತ್ತಾನೆ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಿತೇ, ಎಲ್ಲ ಅವನ ಜವಾಬ್ದಾರಿ. ಗದ್ದೆ ಒಣಗಿದರೆ ಊರವರು ಕೇಳುವುದು ಅವನನ್ನು. ಪೈರನ್ನು ಯಾರೂ ಬೈಯುವುದಿಲ್ಲ. ಸೀಸೆಯ ಮೂತಿ ಮಾಡಬೇಕಾದ ಕೆಲಸ ಅದೇ. ನಾವು ಮಾತ್ರ ಪೈರನ್ನು ಬೈಯುತ್ತೇವೆ.

ಅಲ್ಲಿಂದ ಮುಂದೆ ನನ್ನ ಸುತ್ತಾಟದ ಸ್ವರೂಪವೇ ಬದಲಾಯಿತು. ಅಂಗಡಿಯಲ್ಲಿ ಆರ್ಡರ್ ಬರೆದುಕೊಂಡ ಮೇಲೆ ಒಂದು ಪ್ರಶ್ನೆ: ಕಣ್ಣಿನ ಸೀಸೆಯನ್ನು ಹೇಗೆ ತೆರೆದು ಕೊಡುತ್ತೀರಿ? ಪಾಂಡವಪುರದ ಒಬ್ಬರು ಹೆಮ್ಮೆಯಿಂದ ಬ್ಲೇಡು ತೋರಿಸಿದರು. ವಯಸ್ಸಾದವರಿಗೆ ಕಷ್ಟವಾಗಬಾರದೆಂದು ಮೂತಿಯ ತುದಿಯನ್ನೇ ಕತ್ತರಿಸಿ ಕೊಡುತ್ತಿದ್ದರು. ಉಪಕಾರವೆಂದೇ ತಿಳಿದು ಮಾಡುತ್ತಿದ್ದರು. ಮೂತಿ ಕೆಳಗೆ ಹೋದಷ್ಟೂ ಅಗಲ. ಕತ್ತರಿಸಿದರೆ ಹನಿ ಹಿಗ್ಗುತ್ತದೆ. ನಾಗಮಂಗಲದ ಹತ್ತಿರದ ಹಳ್ಳಿಯೊಂದರ ಮುದುಕರೊಬ್ಬರು ಬೇರೆಯೇ ಉಪಾಯ ಮಾಡಿಕೊಂಡಿದ್ದರು. ಔಷಧಿಯನ್ನು ಬೆರಳಿಗೆ ಬಿಟ್ಟುಕೊಂಡು ಕಣ್ಣಿಗೆ ಸವರಿಕೊಳ್ಳುವುದು. “ಮಳೆ ನೀರ್ನೇ ಅಳದು ಕುಡಿಯೋರು ನಾವು ಸ್ವಾಮಿ, ಇದ್ನ ಕೆನ್ನೆಗೆ ಸುರ್ಕತ್ತೀವಾ?” ಎಂದರು. ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ ಎಂದು ಹೇಳಿದೆ. ಅವರ ಲೆಕ್ಕ ತಪ್ಪು ಎಂದು ಹೇಳಲಾಗಲಿಲ್ಲ.

ಶ್ರೀರಂಗಪಟ್ಟಣದ ಗಂಜಾಂನಲ್ಲಿ ನನ್ನ ಗೆಳೆಯನ ತಾಯಿ ಇದ್ದರು. ಅವನಂತೆ ನಾನೂ ಅಮ್ಮೀ ಎಂದೇ ಕರೆಯುತ್ತಿದ್ದೆ. ಅವರಿಗೂ ಗ್ಲಕೋಮಾ. ರಂಜಾನ್ ತಿಂಗಳಲ್ಲಿ ಅವರು ಹನಿ ಬಿಡುವುದನ್ನು ಪೂರ್ತಿ ನಿಲ್ಲಿಸಿದ್ದರೆಂದು ಗೆಳೆಯ ಹೇಳಿದ. ಕೇಳಿದಾಗ ಅಮ್ಮೀ ಅಂದರು: “ಗಂಟಲಿಗೆ ಕಹಿ ಬರುತ್ತೆ ಬೇಟಾ. ಬಾಯಿಗೆ ರುಚಿ ಬಂದ ಮೇಲೆ ರೋಜಾ ಎಲ್ಲಿ ಉಳೀತು?”

ಆ ಕಹಿ ಸುಳ್ಳಲ್ಲ. ಹೆಚ್ಚಾದ ಅರ್ಧ ಹನಿ ಮೂಗಿನಿಂದ ಇಳಿದು ಮಾಡಿದ ಕಹಿ ಅದು. ಉಪವಾಸ ಮುರಿಯುವುದೇ ಎಂಬ ಪ್ರಶ್ನೆಗೆ ನಾನು ಉತ್ತರ ಹೇಳುವವನಲ್ಲ. ಗೆಳೆಯ ಅವರ ಮೌಲ್ವಿಯವರನ್ನು ಕೇಳಿ ಬಂದ. ಹನಫಿ ಪಂಥದವರ ಪ್ರಕಾರ ಕಣ್ಣಿಗೆ ಔಷಧಿ ಬಿಟ್ಟರೆ ರೋಜಾ ಮುರಿಯುವುದಿಲ್ಲ. ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ 1997ರಲ್ಲಿ ಕಣ್ಣಿನ ಹನಿಯಿಂದ ಉಪವಾಸ ಭಂಗವಾಗದು, ಗಂಟಲಿಗೆ ಬಂದದ್ದನ್ನು ನುಂಗದಿದ್ದರೆ ಆಯಿತು ಎಂದು ತೀರ್ಮಾನಿಸಿದೆ. ಬೇರೆ ಅಭಿಪ್ರಾಯದ ವಿದ್ವಾಂಸರೂ ಇದ್ದಾರೆ. ಅಮ್ಮೀಯ ಮನಸ್ಸು ಮಾತ್ರ ಇದಕ್ಕೆ ಒಪ್ಪಲಿಲ್ಲ. ಕೊನೆಗೆ ಅವರ ಡಾಕ್ಟರೇ ದಾರಿ ತೋರಿಸಿದರು. ದಿನಕ್ಕೆ ಎರಡೇ ಸಲ ಬಿಡಬೇಕಾದ ಔಷಧಿಯಾದ್ದರಿಂದ ಸೆಹ್ರಿ ಮುಗಿಯುವ ಮೊದಲೊಂದು ಸಲ, ಇಫ್ತಾರ್ ಆದ ಮೇಲೊಂದು ಸಲ. ಜೊತೆಗೆ ಇನ್ನೊಂದು ಮಾತು: ಹನಿ ಬಿದ್ದ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯುವುದು. ತೂಬು ಮುಚ್ಚಿದ ಹಾಗೆ. ಔಷಧಿ ಕಣ್ಣಲ್ಲೇ ನಿಲ್ಲುತ್ತದೆ, ಗಂಟಲಿಗೆ ಕಹಿ ಇಳಿಯುವುದು ಕಡಿಮೆಯಾಗುತ್ತದೆ. ಕಾಸಿಲ್ಲದ ಈ ಉಪಾಯವನ್ನು ಅಮ್ಮೀಗಾಗಲಿ ಅವ್ವನಿಗಾಗಲಿ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಇದು ನಮ್ಮ ನಾಲ್ಕು ತಾಲ್ಲೂಕಿನ ಬಡತನದ ಕತೆ ಎಂದುಕೊಂಡಿದ್ದವನಿಗೆ 2017ರಲ್ಲಿ ಅಮೆರಿಕದ ಸುದ್ದಿಯೊಂದು ಆಶ್ಚರ್ಯ ತಂದಿತು. ಪ್ರೊಪಬ್ಲಿಕಾ ಎಂಬ ಸಂಸ್ಥೆಗಾಗಿ ಮಾರ್ಷಲ್ ಅಲೆನ್ ಎಂಬ ಪತ್ರಕರ್ತ ಇದೇ ವಿಷಯ ಬರೆದಿದ್ದರು. ಅಲ್ಲಿನ ಸೀಸೆಯ ಹನಿಯೂ ಕಣ್ಣು ಹಿಡಿಯುವುದಕ್ಕಿಂತ ದೊಡ್ಡದು, ಅಲ್ಲಿಯೂ ತಿಂಗಳಿಗೆ ಮೊದಲೇ ಔಷಧಿ ಮುಗಿದು ಪರದಾಡುವವರಿದ್ದಾರೆ. ದೊಡ್ಡ ಕಂಪನಿಯೊಂದರ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲೇ 16 ಮೈಕ್ರೋಲೀಟರಿನ ಹನಿ ಸಾಕಾಗುತ್ತದೆ ಎಂದು ತೋರಿಸಿದ್ದರಂತೆ. ಅದು ಮಾರುಕಟ್ಟೆಗೆ ಬರಲಿಲ್ಲ. ಚಿಕ್ಕ ಹನಿ ಬಿದ್ದದ್ದು ರೋಗಿಗೆ ತಿಳಿಯುವುದಿಲ್ಲ, ಗುರಿ ತಪ್ಪಿದರೆ ಏನೂ ಉಳಿಯುವುದಿಲ್ಲ ಎಂಬುದು ದೊಡ್ಡ ಹನಿಯ ಪರವಾಗಿ ಹೇಳುವ ಮಾತು. ನಡುಗುವ ಕೈಗಳನ್ನು ಕಂಡವನಾದ್ದರಿಂದ ಇದನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಹನಿ ದೊಡ್ಡದಾದರೆ ಸೀಸೆ ಬೇಗ ಖಾಲಿಯಾಗುತ್ತದೆ, ಬೇಗ ಖಾಲಿಯಾದರೆ ಇನ್ನೊಂದು ಮಾರಾಟವಾಗುತ್ತದೆ. ಇಪ್ಪತ್ತೈದು ವರ್ಷ ಟಾರ್ಗೆಟ್ ಮುಟ್ಟಿಸಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ರೋಗಿಗಳು ಕೋರ್ಟಿಗೂ ಹೋದರು. 2017ರಲ್ಲೇ ಎರಡು ಮೇಲ್ಮನವಿ ನ್ಯಾಯಾಲಯಗಳಿಂದ ಎರಡು ತೀರ್ಪು ಬಂದವು. ಷಿಕಾಗೋದ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಮೊಕದ್ದಮೆ ನಿಲ್ಲುವುದಿಲ್ಲ ಎಂದರು. ಫಿಲಡೆಲ್ಫಿಯಾದ ನ್ಯಾಯಾಲಯ, ವ್ಯರ್ಥವಾದ ಔಷಧಿಗೆ ಹಣ ಕೊಟ್ಟವರಿಗೆ ದೂರು ಸಲ್ಲಿಸುವ ಹಕ್ಕಿದೆ ಎಂದಿತು. ಅಲೆನ್ ಅವರ ಬರಹ ಓದಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋರ್ಟಿಗಾಗಿ ಕಾಯದೆ ಸೀಸೆಯ ಮೂತಿಗೆ ಸಿಕ್ಕಿಸುವ ಒಂದು ಸಣ್ಣ ತುದಿ ಮಾಡಿದರು. ನ್ಯಾನೋಡ್ರಾಪರ್ ಎಂಬ ಹೆಸರಿನ ಅದು ಸುಮಾರು ಹತ್ತು ಮೈಕ್ರೋಲೀಟರಿನ ಹನಿ ಬಿಡುತ್ತದೆ. ಅಜ್ಜಿಯ ವೀಳ್ಯದೆಲೆ ತೊಟ್ಟು! ಜರ್ಮನಿಯ ಉರ್ಸಾಫಾರ್ಮ್ ಕಂಪನಿಯ ಕೊಮೋಡ್ ಎಂಬ ಸೀಸೆಯಲ್ಲಿ ಹಿಂಡುವ ಬದಲು ಪಂಪು ಇದೆ. ಒಂದು ಸಲ ಒತ್ತಿದರೆ ಒಂದೇ ಹನಿ, ಒಳಗೆ ಗಾಳಿ ಹೋಗದಿರುವುದರಿಂದ ಸಂರಕ್ಷಕವೂ ಬೇಡ.

ಸೀಸೆಯೆಂದರೆ ಬರೀ ಡಬ್ಬಿ ಎಂದುಕೊಳ್ಳುವವರಿಗೆ 2023ರ ಘಟನೆಯನ್ನೂ ನೆನಪಿಸಬೇಕು. ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕಕ್ಕೆ ಹೋದ ಕೃತಕ ಕಣ್ಣೀರಿನ ಹನಿಗೆ ನಂಟಿದ್ದ ಸೋಂಕು ಅಲ್ಲಿನ 18 ರಾಜ್ಯಗಳ 81 ಜನರಿಗೆ ತಗುಲಿತು. 14 ಮಂದಿಯ ದೃಷ್ಟಿ ಹೋಯಿತು, ನಾಲ್ವರು ಸತ್ತರು. ಮತ್ತೆ ಮತ್ತೆ ತೆರೆದು ಬಳಸುವ ಸೀಸೆಯಲ್ಲಿ ತಕ್ಕಷ್ಟು ಸಂರಕ್ಷಕವಿಲ್ಲದೆ ಔಷಧಿ ತುಂಬಿದ್ದು ಅಲ್ಲಿನ ಔಷಧಿ ಇಲಾಖೆ ಎತ್ತಿದ ಆಕ್ಷೇಪಗಳಲ್ಲಿ ಒಂದು. ಯಾವ ಔಷಧಿ, ಯಾವ ಸೀಸೆ ಎಂಬುದನ್ನು ಒಟ್ಟಿಗೇ ಯೋಚಿಸಬೇಕು.

ನಮ್ಮ ಅಂಗಡಿಗಳ ಡಬ್ಬದ ಮೇಲೆ ಎಷ್ಟು ಮಿಲಿಲೀಟರ್, ಶೇಕಡಾ ಎಷ್ಟು ಔಷಧಿ, ಬೆಲೆ ಎಷ್ಟು, ಎಲ್ಲ ಇರುತ್ತದೆ. ಎಷ್ಟು ಹನಿ ಎಂದು ಬರೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಡಾಕ್ಟರು ಚೀಟಿ ಬರೆಯುವುದು ಹನಿಯ ಲೆಕ್ಕದಲ್ಲಿ, ಅಂಗಡಿಯವನು ಮಾರುವುದು ಮಿಲಿಲೀಟರ್ ಲೆಕ್ಕದಲ್ಲಿ, ಅವ್ವ ಉಳಿಸುವುದು ದಿನದ ಲೆಕ್ಕದಲ್ಲಿ. ಈ ಮೂರನ್ನೂ ಕೂಡಿಸಿ ನೋಡುವ ಕೆಲಸ ಯಾರದ್ದೂ ಅಲ್ಲ.

ಅವ್ವನಿಗೆ ಈಗ ಎಂಬತ್ತು ದಾಟಿದೆ. ಎಡಗಣ್ಣಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಬಲಗಣ್ಣು ನಿಂತಿದೆ, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಅಲ್ಲ, ಬಾಗಿಲಿಗೆ ಯಾರು ಬಂದರು ಎಂದು ಗುರುತಿಸುವಷ್ಟು. ತಿಂಗಳಿಗೆ ಒಂದಲ್ಲ, ಎರಡು ಸೀಸೆ ತಂದಿಡುತ್ತೇನೆ. ತೆರೆದ ಸೀಸೆಯ ಮೇಲೆ ತಾರೀಕು ಬರೆದು ತಿಂಗಳಾದರೆ ಉಳಿದಿದ್ದರೂ ಎಸೆಯುತ್ತೇವೆ. ಅವಳಿಗೆ ಅದೇ ಸಂಕಟ.

ಒಂದು ಸಲ ಹೇಳಿದೆ, “ಅವ್ವ, ಅವತ್ತು ನೀನು ಹೇಳಿದ್ದೇ ಸರಿ. ತೂತು ಮಾಡಿದ್ದು ನಾನು, ಬೈದದ್ದು ನಿನ್ನನ್ನ.”

“ಬುಡು ಮಗಾ, ನಿಂಗೇನ್ ಗೊತ್ತಿತ್ತು” ಎಂದಳು. ಆಮೇಲೆ ಮೊಮ್ಮಗಳನ್ನು ಕೂಗಿದಳು. ರಾತ್ರಿ ಎಂಟಾಗಿತ್ತು. ಹುಡುಗಿ ಬಂದು ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಸೀಸೆಯನ್ನು ಕೊಂಚ ಓರೆ ಹಿಡಿದಳು. ಹನಿ ಬಿತ್ತು. ಕೆನ್ನೆಗೆ ಇಳಿದದ್ದನ್ನು ಅವ್ವ ಸೆರಗಿನಿಂದ ಒರೆಸಿಕೊಂಡು, ಮೂಗಿನ ಪಕ್ಕ ಬೆರಳಿಟ್ಟು, ಗಟ್ಟಿಯಾಗಿ ಒಂದು ಎರಡು ಎಂದು ಎಣಿಸತೊಡಗಿದಳು.